ರುಚಿ ಅವರಿಗೆ, ಸಾಲ ನಮಗೆ



ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ನಡೆದಾಡಿ ವೈನ್ ರುಚಿ ನೋಡೋದು ಉಳ್ಳವರ ರಜೆಯ ಶೋಕಿ. ಈಗ ನಂದಿಬೆಟ್ಟದ ತಪ್ಪಲಲ್ಲೂ ಅದೇ ನಡೆದಿದೆ. ನಡೀಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ತೋಟಗಳ ಇನ್ನೊಂದು ನಡಿಗೆಯೂ ಗೊತ್ತಿರಲಿ. 1907ರಲ್ಲಿ ವೈನಿನ ಬೆಲೆ ಬಿದ್ದಾಗ, ಕಲಬೆರಕೆಯೇ ಕಾರಣವೆಂದು ದಕ್ಷಿಣ ಫ್ರಾನ್ಸಿನ ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದರು. ನಾರ್ಬೋನಿನಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ಅದೇ ವರ್ಷ ಕಲಬೆರಕೆ ತಡೆಯುವ ಕಾನೂನು ಬಂತು. 1935ರಲ್ಲಿ ಊರಿನ ಹೆಸರಿಗೂ ರಕ್ಷಣೆ ಸಿಕ್ಕಿತು.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೂ ಭೌಗೋಳಿಕ ಗುರುತಿದೆ. ಆದರೂ 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ರೈತ ಸಾಲ ಮಾಡಿ ಬೆಳೆದ ದ್ರಾಕ್ಷಿ ಕೊಳ್ಳೋರಿಲ್ಲದೆ ತೋಟದಲ್ಲೇ ಕೊಳೆಯಿತು. ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತ, ನ್ಯಾಮತಿ-ಜಗಳೂರಿನ ಮೆಕ್ಕೆಜೋಳಕ್ಕೂ ಇದೇ ಪಾಠ: ಹೆಸರೊಂದೇ ಸಾಲದು, ಬೆಲೆ ಕಟ್ಟುವ ಹಕ್ಕು ಬೇಕು. ಅದು ಬೇಡಿದರೆ ಸಿಗೋದಲ್ಲ. ಒಟ್ಟಾಗಿ ನಡೆದೇ ಪಡೀಬೇಕು.