ಡೀಸೆಲ್ ಗಾಡಿಯೂ ಒಡೆಯನ ಚಿಂತೆಯೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಅಧ್ಯಾಪಕರು ಹೇಳಿದಾಗ ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂದು ಎರಡು ದಿನ ಯೋಚಿಸಿದೆ. ಕಲಾ ವಿಭಾಗದ ವಿದ್ಯಾರ್ಥಿಗೆ ಕಾವ್ಯವುಂಟು, ಚರಿತ್ರೆಯುಂಟು, ಅರ್ಥಶಾಸ್ತ್ರವುಂಟು. ಇವೆಲ್ಲವನ್ನೂ ಬಿಟ್ಟು ಪಿಕಪ್ ಗಾಡಿಯ ಎಂಜಿನ್ನಿನ ಮೇಲೆ ಬರೆಯಹೊರಟವನನ್ನು ಕಂಡು ಮಿತ್ರರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಮನೆತನದಲ್ಲಿ ಪದವಿಯ ಬಾಗಿಲವರೆಗೆ ಬಂದವನು ನಾನೇ ಮೊದಲಿಗ. ನನ್ನನ್ನು ಇಲ್ಲಿಯವರೆಗೆ ತಂದದ್ದು ಆ ಎಂಜಿನ್ನಿನ ದುಡಿಮೆ. ಅದು ಕೆಟ್ಟು ನಿಂತ ದಿನ ನನ್ನ ಓದೂ ಅದರೊಡನೆ ನಿಲ್ಲುವಂತಾಗಿತ್ತು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಅಧಿಕಾರವುಂಟೆಂದು ನಂಬಿದ್ದೇನೆ.

ನಮ್ಮದು ಕೋಲಾರದ ಬಳಿಯ ಒಂದು ಹಳ್ಳಿ. ಸುತ್ತಲೂ ಟೊಮೆಟೊ ಬೆಳೆ. ಹದಿನೈದು ಕಿಲೋ ಹಿಡಿಯುವ ಕ್ರೇಟುಗಳನ್ನು ಹೊಲದ ಬದುವಿನಿಂದ ಕೋಲಾರದ ಮಂಡಿಗೆ ಬಾಡಿಗೆಗೆ ಸಾಗಿಸುವುದು ನಮ್ಮ ತಂದೆಯವರ ಕಸುಬು. ಮೊದಲು ಅವರ ಬಳಿ ಹಳೆಯ ಪಿಕಪ್ ಒಂದಿತ್ತು. ಅದು ಕರಿಹೊಗೆ ಉಗುಳುತ್ತಿತ್ತು, ಬೆಳಗಿನ ಜಾವ ಬೀದಿಯನ್ನೆಲ್ಲ ಎಬ್ಬಿಸುತ್ತಿತ್ತು. ಆದರೆ ನಡುದಾರಿಯಲ್ಲಿ ಕೈಕೊಟ್ಟದ್ದು ಅಪರೂಪ. ಕೆಟ್ಟರೂ ಗೇಟಿನ ಹತ್ತಿರದ ಮೆಕ್ಯಾನಿಕ್ಕು ಬಂದು, ಎಂಜಿನ್ನಿಗೆ ಕಿವಿಗೊಟ್ಟು, "ನಾಜಲ್ ಹೋಗೈತಣ್ಣ" ಎಂದು ಹೇಳಿ ಸಂಜೆಯೊಳಗೆ ಸರಿಮಾಡುತ್ತಿದ್ದ. ರೋಗವನ್ನು ನಾಡಿ ಹಿಡಿದು ಹೇಳುವ ಪಂಡಿತನಿದ್ದ ಹಾಗೆ.

೨೦೨೨ರಲ್ಲಿ ಆ ಗಾಡಿಯನ್ನು ಮಾರಿ, ಸಾಲ ಮಾಡಿ, ಹೊಸ ಗಾಡಿಯನ್ನು ತಂದೆವು. ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡಿಸಿದೆವು. ವರ್ಷ ಕಳೆದು ಸ್ವಲ್ಪ ದಿನಕ್ಕೆ ಡ್ಯಾಷ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಗಾಡಿಯೇನೋ ಓಡುತ್ತಿತ್ತು. ಓಡುವ ಗಾಡಿಗೆ ಏನು ರೋಗ ಎಂದು ತಂದೆಯವರು ಸುಮ್ಮನಾದರು. ಕೆಲವು ಸಲ ಮಂಡಿಯಲ್ಲಿ ನಿಂತಾಗ ಎಂಜಿನ್ ತಾನಾಗಿ ಜೋರಾಗಿ ತಿರುಗುತ್ತಿತ್ತು, ಫ್ಯಾನು ಬುಸುಗುಟ್ಟುತ್ತಿತ್ತು. ಇದೇನೋ ಕೆಡುಕೆಂದು, ಡೀಸೆಲ್ಲೂ ದಂಡವೆಂದು, ಅವರು ಕೂಡಲೇ ಕೀಲಿ ತಿರುಗಿಸಿ ನಿಲ್ಲಿಸುತ್ತಿದ್ದರು. ಒಂದು ದಿನ ತುಂಬು ಸರಕಿನೊಡನೆ ಹೋಗುತ್ತಿರುವಾಗ ಕೆಂಪು ದೀಪವೂ ಹತ್ತಿ ಗಾಡಿ ಆಮೆಯಂತಾಯಿತು. ಎಷ್ಟು ತುಳಿದರೂ ವೇಗವೇರಲಿಲ್ಲ. ಹರಾಜು ಮುಗಿದ ಮೇಲೆ ಮಂಡಿ ಸೇರಿದ ಟೊಮೆಟೊಕ್ಕೆ ಸಿಕ್ಕಿದ ಬೆಲೆ ಕೂಲಿಗೂ ಸಾಲಲಿಲ್ಲ. ರೈತರಿಗೆ ಮುಖ ತೋರಿಸುವುದು ಹೇಗೆಂದು ತಂದೆಯವರು ಆ ರಾತ್ರಿ ಊಟ ಮಾಡಲಿಲ್ಲ.

ಕಂಪನಿಯ ಕಾರ್ಖಾನೆಯಲ್ಲಿ ಗಾಡಿಗೆ ಒಂದು ತಂತಿ ಸಿಕ್ಕಿಸಿ, ಕಂಪ್ಯೂಟರ್ ನೋಡಿ, ಹೊಗೆಯ ಫಿಲ್ಟರು ಪೂರ್ತಿ ಕಟ್ಟಿಕೊಂಡಿದೆ ಎಂದರು. ಓಡಿಸಿದ ರೀತಿ ತಪ್ಪಾದುದರಿಂದ ವಾರಂಟಿ ಅನ್ವಯಿಸದು ಎಂದೂ ಹೇಳಿದರು. ಬಿಲ್ಲು ಎರಡು ತಿಂಗಳ ಕಂತನ್ನು ಮೀರಿತು. ಆ ಸಲದ ನನ್ನ ಪರೀಕ್ಷಾ ಶುಲ್ಕಕ್ಕಾಗಿ ತಾಯಿಯವರ ಓಲೆ ಗಿರವಿಯಂಗಡಿಗೆ ಹೋಯಿತು.

ಈ ಕಥೆ ನಮ್ಮ ಮನೆಯದು ಮಾತ್ರವಲ್ಲ. ಮಂಡಿಯ ಗಾಡಿ ಸ್ಟ್ಯಾಂಡಿನಲ್ಲಿ ಹೊಸ ಡೀಸೆಲ್ ಗಾಡಿಯ ಒಡೆಯರು ಇಬ್ಬರು ಸೇರಿದರೆ ಮಾತು ಇಲ್ಲಿಗೇ ಬರುತ್ತದೆ: "ಹಳೇ ಎಂಜಿನ್ನೇ ವಾಸಿ, ಇದನ್ನ ನಂಬೋಹಂಗಿಲ್ಲ." ಈ ಅಪನಂಬಿಕೆಗೆ ಕಾರಣವೇನು? ಎಂಜಿನ್ ನಿಜವಾಗಿ ಕೆಟ್ಟದ್ದೇ?

ಡೀಸೆಲ್ ಎಂಜಿನ್ನಿನ ಕೀರ್ತಿಯೆಲ್ಲವೂ ಅದರ ನಂಬಿಕೆಯ ಮೇಲೆ ನಿಂತದ್ದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ೧೮೯೭ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಅದಕ್ಕೆ ಕಿಡಿ ಹೊತ್ತಿಸುವ ಪ್ಲಗ್ಗು ಬೇಡ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ಓಡಿತು. ಕೊಟ್ಟದ್ದನ್ನು ಉಂಡು ದುಡಿಯುವ ಎತ್ತಿನಂಥ ಈ ಯಂತ್ರ ನಮ್ಮ ಹಳ್ಳಿಗಳಲ್ಲಿ ನೀರೆತ್ತಿತು, ಹಿಟ್ಟು ಬೀಸಿತು, ಲಾರಿ ಎಳೆಯಿತು. ಒಡೆಯನಿಗೆ ಅದರ ಮೇಲೆ ಪ್ರೀತಿ ಬೆಳೆದುದು ಸಹಜವೇ ಆಗಿದೆ.

ಆದರೆ ಆ ಎತ್ತಿಗೆ ಒಂದು ಕೆಟ್ಟ ಗುಣವಿತ್ತು. ಅದರ ಹೊಗೆಯಲ್ಲಿ ಮಸಿಯ ಸೂಕ್ಷ್ಮ ಕಣಗಳೂ ವಿಷಾನಿಲಗಳೂ ಇದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ನಮ್ಮ ದೇಶದಲ್ಲಿ ನಾಲ್ಕನೆಯ ಹಂತದ ಭಾರತ್ ಸ್ಟೇಜ್ ನಿಯಮದಿಂದ ಐದನೆಯದನ್ನು ದಾಟಿ ನೇರವಾಗಿ ಆರನೆಯದಕ್ಕೆ ೨೦೨೦ರ ಏಪ್ರಿಲ್ ೧ರಂದು ಹಾರಿದೆವು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಉಗುಳಬಹುದಾದ ಕಣಗಳ ಮಿತಿ ೨೫ ಮಿಲಿಗ್ರಾಮಿನಿಂದ ೪.೫ಕ್ಕೂ, ನೈಟ್ರೋಜನ್ ಆಕ್ಸೈಡುಗಳ ಮಿತಿ ೨೫೦ರಿಂದ ೮೦ ಮಿಲಿಗ್ರಾಮಿಗೂ ಇಳಿಯಿತು. ಸರಕು ಗಾಡಿಗಳಿಗೂ ಕಟ್ಟುನಿಟ್ಟು ಇದೇ ರೀತಿ ಬಿಗಿಯಾಯಿತು. ಡೀಸೆಲ್ಲಿನಲ್ಲಿರಬಹುದಾದ ಗಂಧಕ ಹತ್ತು ಲಕ್ಷ ಭಾಗಕ್ಕೆ ೫೦ರಿಂದ ೧೦ಕ್ಕೆ ಇಳಿಯಿತು.

ಈ ನಿಯಮವನ್ನು ಪಾಲಿಸಲು ಹೊಗೆಯ ಕೊಳವೆಯಲ್ಲಿ ಪಿಂಗಾಣಿಯ ಜೇನುಗೂಡಿನಂಥ ಒಂದು ಫಿಲ್ಟರನ್ನು ಇಟ್ಟರು. ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಬಿದ ಮಸಿಯನ್ನು ಎಂಜಿನ್ನೇ ಆಗಾಗ ಸುಟ್ಟು ಬೂದಿಮಾಡಬೇಕು. ಅದಕ್ಕೆ ಸುಮಾರು ೬೦೦ ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ನಮ್ಮ ಗಾಡಿ ಓಡುವುದಾದರೂ ಹೇಗೆ? ಹೊಲದಿಂದ ಮಂಡಿಗೆ ನಾಲ್ಕಾರು ಮೈಲಿ, ನಡುವೆ ಹತ್ತು ನಿಲುಗಡೆ. ಎಂಜಿನ್ ಕಾಯುವ ಮೊದಲೇ ದಾರಿ ಮುಗಿಯುತ್ತದೆ. ನಿಂತಲ್ಲಿ ಎಂಜಿನ್ ಜೋರಾಗಿ ತಿರುಗಿದ್ದು ರೋಗವಲ್ಲ, ಮಸಿ ಸುಡುವ ಕೆಲಸ. ತಂದೆಯವರು ಪ್ರತಿ ಸಲವೂ ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಜೀವಮಾನವೆಲ್ಲ ಪಾಲಿಸಿದ ಮಿತವ್ಯಯವೆಂಬ ಸದ್ಗುಣವೇ ಇಲ್ಲಿ ಅಪರಾಧವಾಯಿತು! ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಉರಿಯದ ಡೀಸೆಲ್ ಸ್ವಲ್ಪ ಸ್ವಲ್ಪ ಇಳಿದು ಎಂಜಿನ್ ಆಯಿಲಿಗೆ ಬೆರೆಯುವುದೂ ಉಂಟು. ಅಳತೆಯ ಕಡ್ಡಿಯಲ್ಲಿ ಆಯಿಲ್ ಏರಿರುವುದನ್ನು ಕಂಡು ಒಡೆಯ ಸಂತೋಷಪಡುತ್ತಾನೆ. ಆದರೆ ತೆಳುವಾದ ಆಯಿಲ್ ಒಳಗೊಳಗೇ ಬೇರಿಂಗುಗಳನ್ನು ತಿನ್ನುತ್ತಿರುತ್ತದೆ.

ಇದನ್ನೆಲ್ಲ ಕೇಳಿದವರು, ಆ ಫಿಲ್ಟರನ್ನೇ ಕಿತ್ತೆಸೆದರೆ ಪೀಡೆ ಕಳೆಯಿತಲ್ಲ ಎನ್ನುತ್ತಾರೆ. ಹಾಗೆ ಕಿತ್ತುಕೊಡುವವರೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಾನೂನಿಗೆ ವಿರುದ್ಧವೆಂಬ ಮಾತು ಹಾಗಿರಲಿ. ಮಂಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಡಿಗಳ ಹಿಂಭಾಗದಲ್ಲಿ, ಹೊಗೆಯ ಕೊಳವೆಯ ಎದುರಿನಲ್ಲೇ ನಿಂತು ಕ್ರೇಟು ಇಳಿಸುವ ಹಮಾಲರ ಎದೆಯನ್ನು ಕುರಿತು ಯೋಚಿಸೋಣ. ನಮ್ಮ ಕಂತು ಉಳಿಯಲೆಂದು ಅವರ ಉಸಿರನ್ನು ಒತ್ತೆಯಿಡುವುದು ಯಾವ ನ್ಯಾಯ? ಎಂಜಿನ್ ಶುದ್ಧವಾದದ್ದು ಸರಿ. ಆ ಶುದ್ಧಿಯ ಭಾರವನ್ನೆಲ್ಲ ಏನೂ ಅರಿಯದ ಒಡೆಯನೊಬ್ಬನ ತಲೆಗೆ ಕಟ್ಟಿದ್ದು ತಪ್ಪು. ಇದೇ ನನ್ನ ವಾದದ ತಿರುಳು.

ಈ ತಪ್ಪಿನ ಮೊದಲ ಪಾಲು ಎಣ್ಣೆಯದು. ಹೊಸ ಎಂಜಿನ್ನಿನ ನಾಜಲ್ಲುಗಳು ಗಾಳಿಯ ಸಹಜ ಒತ್ತಡದ ೧,೬೦೦ ಪಟ್ಟು, ಅದಕ್ಕೂ ಮಿಗಿಲಾದ ಒತ್ತಡದಲ್ಲಿ ಡೀಸೆಲ್ಲನ್ನು ಚಿಮ್ಮಿಸುತ್ತವೆ. ನೀರು, ಧೂಳು, ಸೀಮೆಎಣ್ಣೆ ಬೆರೆತರೆ ಅವು ತಾಳಲಾರವು. ಕಲಬೆರಕೆಯನ್ನು ತಡೆಯಹೊರಟವರ ಪಾಡೇನು? ನಮ್ಮ ಕೋಲಾರದ ಚಿನ್ನದ ಗಣಿಯ ಊರಿನವರಾದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶಕ್ಕೆ ಹೋದರು. ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಎಣ್ಣೆ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡುದಕ್ಕಾಗಿ ೨೦೦೫ರ ನವೆಂಬರಿನಲ್ಲಿ ಕೊಲೆಯಾದರು. ಒಂದು ಲೀಟರ್ ಶುದ್ಧ ಎಣ್ಣೆಗಾಗಿ ನಮ್ಮ ಜಿಲ್ಲೆಯ ತರುಣನೊಬ್ಬ ಪ್ರಾಣವನ್ನೇ ತೆತ್ತನೆಂಬುದನ್ನು ನಾವು ಮರೆಯಬಾರದು.

ಎರಡನೆಯ ಪಾಲು ದುರಸ್ತಿಯದು. ಗೇಟಿನ ಮೆಕ್ಯಾನಿಕ್ಕಿಗೆ ಕಿವಿಯಿದೆ, ಕೈಯಿದೆ. ಆದರೆ ಗಾಡಿಯ ಗುಟ್ಟು ಈಗ ಕಂಪ್ಯೂಟರಿನೊಳಗೆ ಸೇರಿಕೊಂಡಿದೆ. ಆ ಗುಟ್ಟನ್ನು ಬಿಡಿಸುವ ಸಾಧನವೂ ತಿಳಿವಳಿಕೆಯೂ ಅವನಿಗೆ ಸುಲಭವಾಗಿ ದೊರೆಯವು. ೨೦೨೨ರಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿನ ಹೆಸರಿನಲ್ಲಿ ಅಂತರ್ಜಾಲ ತಾಣವೊಂದನ್ನು ತೆರೆದು, ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯದೇ. ಆದರೆ ಆ ಹಕ್ಕು ಗೇಟಿನ ಗ್ಯಾರೇಜಿನವರೆಗೆ ನಡೆದು ಬರಬೇಕಾದರೆ ತಾಲ್ಲೂಕಿನ ಐ.ಟಿ.ಐ.ಗಳಲ್ಲಿ ಇಂಥ ಮೆಕ್ಯಾನಿಕ್ಕುಗಳಿಗೆ ಸಂಜೆಯ ತರಗತಿಗಳು ನಡೆಯಬೇಕು.

ಮೂರನೆಯ ಪಾಲನ್ನು ಹೇಳುವಾಗ ನಾನೇ ತಲೆತಗ್ಗಿಸಬೇಕಾಗಿದೆ. ಬಿಲ್ಲು ಕಟ್ಟಿ ಬಂದ ರಾತ್ರಿ ತಂದೆಯವರು ಗಾಡಿಯೊಡನೆ ಕೊಟ್ಟಿದ್ದ ಪುಸ್ತಕವನ್ನು ನನ್ನ ಮುಂದಿಟ್ಟು, "ನೀನು ಓದ್ದೋನಲ್ವೇನಪ್ಪಾ, ಇದ್ರಾಗೆ ಏನ್ ಬರ್ದವ್ರೆ ನೋಡು" ಎಂದರು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಆ ಹಳದಿ ದೀಪದ ಚಿತ್ರವೂ, ಅದು ಹತ್ತಿದಾಗ ಏನು ಮಾಡಬೇಕೆಂಬ ವಿವರವೂ ಅರ್ಧ ಪುಟದಲ್ಲಿ ಅಚ್ಚಾಗಿದ್ದವು. ಪ್ಲಾಸ್ಟಿಕ್ ಚೀಲದಲ್ಲಿ ಅದು ಒಂದು ವರ್ಷಕ್ಕೂ ಮೇಲ್ಪಟ್ಟು ಡ್ಯಾಷ್‌ಬೋರ್ಡಿನ ಗೂಡಿನಲ್ಲೇ ಇತ್ತು. ಅದೇ ಗಾಡಿಯಲ್ಲಿ, ಆ ಗೂಡಿಗೆ ಮೊಣಕಾಲು ತಾಗಿಸಿ ಕುಳಿತು, ನಾನು ಎಷ್ಟೋ ದಿನ ಕಾಲೇಜಿಗೆ ಬಂದಿದ್ದೆ. ಇಂಗ್ಲಿಷ್ ಪತ್ರಿಕೆಗಾಗಿ ನಾಟಕವನ್ನೂ ಪದ್ಯವನ್ನೂ ಬಾಯಿಪಾಠ ಮಾಡುತ್ತಿದ್ದವನು ಆ ಅರ್ಧ ಪುಟವನ್ನು ಓದಲಿಲ್ಲ. ಎಂಜಿನ್ ಎಂಬುದು ಓದುವವನ ವಿಷಯವಲ್ಲವೆಂದು ನನ್ನ ಗರ್ವ. ತಂದೆಯವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕನ್ನಡ ನಾಡಿನಲ್ಲಿ ಮಾರುವ ಪ್ರತಿಯೊಂದು ಸರಕು ಗಾಡಿಯೊಡನೆ ಕನ್ನಡದ ಕೈಪಿಡಿಯನ್ನು ಕೊಡಬೇಕು. ಕೀಲಿ ಒಪ್ಪಿಸುವ ದಿನವೇ ದೀಪಗಳ ಅರ್ಥವನ್ನು ಬಾಯಿಮಾತಿನಲ್ಲಿ ತಿಳಿಸಬೇಕು. ಹಾಗೆ ತಿಳಿಸದಿದ್ದಲ್ಲಿ 'ಓಡಿಸಿದ ರೀತಿ ತಪ್ಪು' ಎಂದು ವಾರಂಟಿಯನ್ನು ನಿರಾಕರಿಸುವ ಅಧಿಕಾರ ಮಾರಿದವನಿಗೆ ಇರಕೂಡದು. ಯಾವ ದಾರಿಗೆ ಯಾವ ಗಾಡಿ ತಕ್ಕದ್ದೆಂಬುದನ್ನು ಕೊಳ್ಳುವ ಮೊದಲೇ ಪ್ರಾಮಾಣಿಕವಾಗಿ ಹೇಳುವುದೂ ಅವನ ಧರ್ಮ.

ಸರ್ಕಾರವೂ ಕಂಪನಿಗಳೂ ಇದನ್ನೆಲ್ಲ ಮಾಡುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ನಾನು ಆ ಅರ್ಧ ಪುಟವನ್ನೂ ಬೇರೆ ದೀಪಗಳ ವಿವರವನ್ನೂ ಕನ್ನಡದಲ್ಲಿ ಒಂದು ಹಾಳೆಗೆ ಬರೆದು ನಮ್ಮ ಗಾಡಿಯಲ್ಲಿ ಅಂಟಿಸಿದೆ. ಸ್ಟ್ಯಾಂಡಿನ ಇತರರೂ ಕೇಳಿದರು. ಅವರವರ ಗಾಡಿಯ ಪುಸ್ತಕ ನೋಡಿ ಅವರಿಗೂ ಬರೆದುಕೊಟ್ಟೆ. ಈಗ ಹಳದಿ ದೀಪ ಹತ್ತಿದರೆ ತಂದೆಯವರು ಸರಕು ಇಳಿಸಿದ ಮೇಲೆ ಮುಳಬಾಗಿಲಿನ ಕಡೆಯ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿಕೊಂಡು ಬರುತ್ತಾರೆ. "ಖಾಲಿ ಗಾಡಿ ಎಲ್ಲಿಗಣ್ಣ?" ಎಂದು ಯಾರಾದರೂ ಕೇಳಿದರೆ, "ಮಸಿ ಸುಟ್ಕೊಂಡ್ ಬತ್ತೀನಿ" ಎನ್ನುತ್ತಾರೆ. ಡೀಸೆಲ್ ಖರ್ಚಾಗುವ ಸಂಕಟ ಅವರ ಮುಖದಲ್ಲಿ ಇನ್ನೂ ಕಾಣುತ್ತದೆ. ಆದರೆ ಮೊದಲಿನ ಭಯ ಕಾಣುವುದಿಲ್ಲ.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಅನೇಕರ ಮನೆಯ ಮುಂದೆ ಇಂಥ ಒಂದು ಗಾಡಿಯೋ ಟ್ರ್ಯಾಕ್ಟರೋ ಪಂಪ್‌ಸೆಟ್ಟೋ ಇದೆ. ಅದರ ಗೂಡಿನಲ್ಲಿ ಯಾರೂ ತೆರೆಯದ ಪುಸ್ತಕವೊಂದಿದೆ. ಪದವೀಧರರಾಗಿ ಹೊರಡುವ ಮೊದಲು ನಾವು ಅದನ್ನೊಮ್ಮೆ ತೆರೆದು, ನಮ್ಮನ್ನು ಓದಿಸಿದವರಿಗೆ ಓದಿ ಹೇಳೋಣ.