ಅಜ್ಜನ ಸ್ಟಾರ್ ಎಲ್ಲಿ ಹೋಯ್ತು?

ಎರಡು ವರ್ಷದ ಹಿಂದೆ ಆಗಸ್ಟ್ 15ಕ್ಕೆ ಊರಿಗೆ ಹೋಗಿದ್ದೆ. ಹುಬ್ಬಳ್ಳಿಯಲ್ಲಿ ಟ್ರೇನ್ ಇಳಿದು, ನವಲಗುಂದ, ನರಗುಂದ ದಾಟಿ ಕೊಣ್ಣೂರು ಮುಟ್ಟುವಷ್ಟರಲ್ಲಿ ಬೆಳಗಿನ ಎಂಟು. ಶಾಲೆಯಲ್ಲಿ ಧ್ವಜ ಏರಿಸೋಕೆ ಪ್ರತಿ ವರ್ಷ ನಮ್ಮಜ್ಜ ಹೋಗೋದು ರೂಢಿ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಎದೆಯ ಮೇಲೆ ಎರಡು ಮೆಡಲ್. ಊರಲ್ಲಿ ಎಲ್ಲರ ಬಾಯಲ್ಲೂ ಅವನು ಮಿಲ್ಟ್ರಿ ಅಜ್ಜ.

ಆವತ್ತು ನೋಡಿದರೆ ಅಜ್ಜ ಬನಿಯನ್ ಮೇಲೆ ಪೇರಲ ತೋಟಕ್ಕೆ ಹೊರಟಿದ್ದ.

‘ಅಜ್ಜಾ, ಸಾಲಿಗೆ ಹೋಗೂದಿಲ್ಲೇನು?’

‘ಇಲ್ಲೋ ತಮ್ಮಾ. ಕಾಲು ನೋಯ್ತಾವು.’

ತೋಟಕ್ಕೆ ಒಂದೂವರೆ ಕಿಲೋಮೀಟರ್ ನಡೆಯೋ ಕಾಲು, ಶಾಲೆಯ ಇನ್ನೂರು ಮೀಟರಿಗೆ ನೋಯ್ತಾವಂತೆ! ಅಜ್ಜಿ ಒಳಗಿಂದ ರೊಟ್ಟಿ ಬಡಿಯುತ್ತಲೇ ಹೇಳಿದಳು: ‘ಹೋದ ಸಲ ಮಾಜಿ ಸೈನಿಕರ ಮೀಟಿಂಗಿನ್ಯಾಗ ಯಾರೋ ಏನೋ ಅಂದಾರಂತ. ಅವತ್ತಿಂದ ಹಿಂಗ ನೋಡು.’

ಆ ‘ಏನೋ’ ಏನು ಅಂತ ತಿಳಿಯೋಕೆ ನನಗೆ ಎರಡು ದಿನ ಹಿಡೀತು. ಅಜ್ಜ 1971ರ ಯುದ್ಧದ ಕತೆ ಹೇಳ್ತಾ ಕೂತಿದ್ದಾಗ, ಪಕ್ಕದ ತಾಲೂಕಿನ ಇನ್ನೊಬ್ಬ ನಿವೃತ್ತರು ಅವನ ಎದೆ ನೋಡಿ ಕೇಳಿದ್ದರಂತೆ: ‘ಈಸ್ಟ್‌ನಾಗ ಇದ್ದ್ಯಾ ಅಂತಿ, ಪೂರ್ವಿ ಸ್ಟಾರ್ ಎಲ್ಲೈತಿ?’ ಅಷ್ಟೇ. ಬೈದಿಲ್ಲ, ಜಗಳ ಆಗಿಲ್ಲ. ಸುತ್ತ ಕೂತ ನಾಲ್ಕು ಜನ ಅಜ್ಜನ ಮುಖ ನೋಡಿದ್ದಾರೆ, ಅಜ್ಜ ಚಹಾದ ಕಪ್ ಕೆಳಗಿಟ್ಟು ಎದ್ದು ಬಂದಿದ್ದಾನೆ.

ಸೈನ್ಯದ ಮೆಡಲ್ ಅಂದರೆ ಪರಮವೀರ ಚಕ್ರದಂಥ ಶೌರ್ಯ ಪ್ರಶಸ್ತಿ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಒಂದು ಯುದ್ಧದಲ್ಲಿ, ಒಂದು ವಲಯದಲ್ಲಿ ಇದ್ದವರಿಗೆ ಕೊಡುವ ಪದಕಗಳು ಬೇರೆ. 1971ಕ್ಕೆ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಜೊತೆಗೆ ಸಂಗ್ರಾಮ್ ಮೆಡಲ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ. ಒಂಬತ್ತು ವರ್ಷ ಸೇವೆ ಮಾಡಿದರೆ ಅದಕ್ಕೊಂದು. ಅಜ್ಜನ ಹತ್ತಿರ ಇದ್ದದ್ದು ಈ ಕೊನೆಯ ಎರಡು. ಯುದ್ಧದವು ಎರಡೂ ಇಲ್ಲ.

ಈ ಪದಕಗಳಿಗೆ ತಿಂಗಳಾ ಬರೋ ದುಡ್ಡಿಲ್ಲ. ಪೆನ್ಶನ್ ಒಂದು ರೂಪಾಯಿ ಹೆಚ್ಚಾಗಲ್ಲ. ಅದಕ್ಕೇ ಇರಬೇಕು, ಐವತ್ತು ವರ್ಷ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ದುಡ್ಡು ಬರೋದಾಗಿದ್ದರೆ ನಮ್ಮ ಕಾಕಾ ಎಂದೋ ಫೈಲು ಹಿಡಿದು ಓಡಾಡ್ತಿದ್ದ, ಅದು ಬೇರೆ ಮಾತು.

‘ಅಜ್ಜಾ, ನಿನ್ನ ಡಿಸ್ಚಾರ್ಜ್ ಬುಕ್ ತೋರ್ಸು.’

ಕಬ್ಬಿಣದ ಕರೀ ಟ್ರಂಕು. ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂದಾಗ ಅಜ್ಜ ಹೊತ್ತುಕೊಂಡು ಹೊರಬಂದದ್ದು ಇದನ್ನೇ. ಟಿವಿ ಬಿಟ್ಟ, ಕಾಳಿನ ಚೀಲ ಬಿಟ್ಟ. ಆದರೂ ಕೆಳಗಿನಿಂದ ನೀರು ಒಳಗೆ ಹೋಗಿ ಪುಸ್ತಕದ ಅರ್ಧ ಪುಟಗಳ ಇಂಕು ಹರಡಿತ್ತು. ಪದಕಗಳ ಕಾಲಂ ಮಾತ್ರ ಸ್ಪಷ್ಟವಾಗಿತ್ತು. ಅಲ್ಲಿ ಎರಡೇ ಸಾಲು.

‘ಆಗ ಯಾಕ ಕೇಳಲಿಲ್ಲ ನೀನು?’

‘ಲಡಾಯಿ ಮುಗದ ಮ್ಯಾಲ ಕಾಮಾಲಿ ಆಗಿ ದವಾಖಾನಿಗೆ ಬಿದ್ದೆ. ಅಲ್ಲಿಂದ ಸೆಂಟರಿಗೆ ಕಳಿಸಿದ್ರು, ಸೆಂಟರಿಂದ ಬ್ಯಾರೆ ಪಲ್ಟನ್‌ಗೆ. ಹಳೇ ಪಲ್ಟನ್‌ನ್ಯಾಗ ಮೆಡಲ್ ಹಂಚೂ ಮುಂದ ನಾ ಇದ್ದಿಲ್ಲ. ಹೊಸಾ ಪಲ್ಟನ್‌ನವರಿಗೆ ನನ್ನ ಹಕೀಕತ್ ಗೊತ್ತಿಲ್ಲ. ಬಂದಾಗ ಬರ್ತೈತಿ ಅಂತ ಬಿಟ್ಟೆ.’

ಇಲ್ಲಿ ನನ್ನ ತಲೆಯಲ್ಲಿ ಲೈಟ್ ಹತ್ತಿತು. ಇದು ಪಕ್ಕಾ ನಮ್ಮ ಆಫೀಸಿನ ಪ್ರಾಬ್ಲಮ್. ಒಬ್ಬ ಯೂಸರ್ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋಗುವಾಗ, ನಡುವೆ ಬಂದ ಅಪ್‌ಡೇಟ್ ಎರಡೂ ಕಡೆ ಸೇರದೆ ಬಿದ್ದುಹೋಗುತ್ತಲ್ಲ, ಅದೇ. ಬಗ್ ವಯಸ್ಸು ಮಾತ್ರ ನನಗಿಂತ ಜಾಸ್ತಿ.

ಆಮೇಲೆ ಓದಿ, ಕೇಳಿ ತಿಳಿದದ್ದು ಇದು. ಸೈನಿಕನ ಜೀವನದಲ್ಲಿ ಏನೇ ಆದರೂ (ಮದುವೆ, ಮಗು, ಪೋಸ್ಟಿಂಗ್, ಆಸ್ಪತ್ರೆ, ಪದಕ) ಅವನ ಘಟಕ ಒಂದು ‘ಪಾರ್ಟ್ ಟೂ ಆರ್ಡರ್’ ಹೊರಡಿಸುತ್ತದೆ. ಅದು ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಹೋಗಿ, ಅಲ್ಲಿರುವ ಅವನ ‘ಶೀಟ್ ರೋಲ್’ನಲ್ಲಿ ದಾಖಲಾಗುತ್ತದೆ. ಕೋಡ್ ಬರೆಯುವವರಿಗೆ ಹೇಳಬೇಕೆಂದರೆ ಪಾರ್ಟ್ ಟೂ ಆರ್ಡರೇ ಕಮಿಟ್ ಲಾಗ್. ಡಿಸ್ಚಾರ್ಜ್ ಬುಕ್ ಅನ್ನೋದು ಮನೆಗೆ ಕಳಿಸೋ ದಿನ ತೆಗೆದ ಪ್ರಿಂಟ್‌ಔಟ್. ಪ್ರಿಂಟ್‌ಔಟ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಲಾಗ್‌ನಲ್ಲೂ ಇಲ್ಲ ಅಂತಲ್ಲ.

ಹುರುಪಿನಲ್ಲಿ ಅವತ್ತೇ ರಾತ್ರಿ ಫೋನಿನಲ್ಲೇ ಆನ್‌ಲೈನ್ ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಫೀಸು, ಮೂವತ್ತು ದಿನದಲ್ಲಿ ಉತ್ತರ. ಇಪ್ಪತ್ತೇಳನೇ ದಿನ ಉತ್ತರ ಬಂತು. ಕೇಳಿದ್ದು ಬೇರೊಬ್ಬರ ವೈಯಕ್ತಿಕ ಮಾಹಿತಿ, ಸೆಕ್ಷನ್ 8(1)(ಜೆ) ಪ್ರಕಾರ ಕೊಡಲಾಗದು. ತಪ್ಪು ನನ್ನದೇ. ಅರ್ಜಿ ನನ್ನ ಹೆಸರಿನಲ್ಲಿತ್ತು. ಸರ್ಕಾರದ ಕಣ್ಣಿಗೆ ನನ್ನಜ್ಜ ನನಗೆ ‘ಮೂರನೇ ವ್ಯಕ್ತಿ’!

ಎರಡನೇ ಸಲ ಅರ್ಜಿ ಅಜ್ಜನದೇ ಹೆಸರು, ಅಜ್ಜನದೇ ಸಹಿ. ಆರ್‌ಟಿಐ ಜೊತೆಗೆ ರೆಕಾರ್ಡ್ಸ್ ಆಫೀಸಿಗೆ ನೇರವಾಗಿ ಒಂದು ಪತ್ರ. ಡಿಸ್ಚಾರ್ಜ್ ಬುಕ್‌ನ ಎಲ್ಲ ಪುಟಗಳ ಜೆರಾಕ್ಸ್, ಪೆನ್ಶನ್ ಆದೇಶ ಅಂದರೆ ಪಿಪಿಒ, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್. ಪತ್ರದ ಮೊದಲ ಡ್ರಾಫ್ಟ್ ನಾನು ಟ್ವಿಟರ್ ಭಾಷೆಯಲ್ಲಿ ಬರೆದಿದ್ದೆ, ‘ಐವತ್ತು ವರ್ಷದ ಅನ್ಯಾಯ’ ಅಂತೆಲ್ಲ. ಅಜ್ಜನಿಗೆ ಓದಿ ಹೇಳಿದೆ.

‘ಇದನ್ನ ತಗೀ. ಅಲ್ಲಿ ಕುಂತ ಹುಡುಗ ಏನ್ ಮಾಡ್ಯಾನ ಪಾಪ? ಅವ ಹುಟ್ಟಿದ್ದೇ ಇಲ್ಲ ಆಗ. ಯಾವ ಪಲ್ಟನ್, ಯಾವ ಕಂಪನಿ, ಯಾವ ತಾರೀಖಿನಿಂದ ಯಾವ ತಾರೀಖು, ಅಷ್ಟ ಬರಿ. ಅವಂಗ ಹುಡಕಾಕ ಅದಾ ಬೇಕಾಗೂದು.’

ನಾನು ಇಷ್ಟು ವರ್ಷ ಬರೆದ ಬಗ್ ರಿಪೋರ್ಟುಗಳಲ್ಲಿ ಅದೇ ಬೆಸ್ಟು. ಒಂದು ಪುಟ. ಒಂದೂ ವಿಶೇಷಣ ಇಲ್ಲ.

ಉತ್ತರ ಕಾಯ್ತಾ ಇದ್ದ ತಿಂಗಳುಗಳಲ್ಲಿ ಇಂಥದೇ ಬೇರೆ ಕತೆ ಇದೆಯಾ ಅಂತ ಹುಡುಕಿದೆ. ನಮ್ಮ ಕೊಡಗಿನದೇ ಸಿಕ್ಕಿತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 2025ರಲ್ಲಿ ಬಂದ ‘ಸ್ಕೈ ಫೋರ್ಸ್’ ಸಿನಿಮಾ ನೋಡಿದ್ದರೆ, ಅದಕ್ಕೆ ಪ್ರೇರಣೆ ಇವರ ಕತೆಯೇ.

1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ. ದೇವಯ್ಯ ಸ್ಟ್ಯಾಂಡ್‌ಬೈ. ಹೊರಟವರಲ್ಲಿ ಯಾರಾದರೂ ಹಿಂದುಳಿದರೆ ಮಾತ್ರ ಅವರು ಸೇರಿಕೊಳ್ಳಬೇಕು. ಸೇರಿಕೊಂಡರು, ವಾಪಸ್ ಬರಲಿಲ್ಲ. ದಾಖಲೆಯಲ್ಲಿ ಬಿದ್ದದ್ದು ‘ನಾಪತ್ತೆ’ ಅನ್ನೋ ಒಂದು ಪದ. ಆಕಾಶದಲ್ಲಿ ಏನಾಯಿತು ಅಂತ ನಮ್ಮ ಕಡೆ ಯಾರೂ ನೋಡಿರಲಿಲ್ಲ.

ನಿಜ ಗೊತ್ತಾಗಿದ್ದು ಶತ್ರುವಿನ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಆ ಯುದ್ಧದ ಬಗ್ಗೆ ಪುಸ್ತಕ ಬರೆದರು, ಪಾಕಿಸ್ತಾನದ ವಾಯುಪಡೆಯ ಮಾಹಿತಿ ಇಟ್ಟುಕೊಂಡು. ಹಳೇ ಮಿಸ್ಟೇರ್ ವಿಮಾನವೊಂದು, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಉರುಳಿಸಿದ ವಿವರ ಅದರಲ್ಲಿತ್ತು. ಆ ಮಿಸ್ಟೇರ್‌ನಲ್ಲಿ ಇದ್ದದ್ದು ದೇವಯ್ಯ ಅಂತ ಲೆಕ್ಕ ಕೂಡಿತು. ಅಂದು ಆ ದಾಳಿಯ ನೇತೃತ್ವ ವಹಿಸಿದ್ದ ಒ. ಪಿ. ತನೇಜಾ ಆಗ ನಿವೃತ್ತರಾಗಿದ್ದರೂ ಬೆನ್ನು ಹತ್ತಿದರು. 1988ರಲ್ಲಿ ದೇವಯ್ಯನವರ ಹೆಂಡತಿಯ ಕೈಗೆ ಮಹಾವೀರ ಚಕ್ರ ಬಂತು. ಯುದ್ಧ ಮುಗಿದು 23 ವರ್ಷಕ್ಕೆ.

ಅಜ್ಜನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಆ ಕ್ಯಾಪ್ಟನ್ ಬಿಡಲಿಲ್ಲ ನೋಡು’ ಅಂದ. ತನೇಜಾ ವಾಯುಪಡೆಯವರು, ಕ್ಯಾಪ್ಟನ್ ಅಲ್ಲ ಅಂತ ತಿದ್ದೋಕೆ ಹೋದೆ. ‘ಯಾರಾದ್ರೂ ಆಗ್ಲಿ, ತನ್ನ ಹುಡುಗನ್ನ ಬಿಡಲಿಲ್ಲ’ ಅಂದ.

ನಮ್ಮೂರಿಗೂ ಇಂಥ ಒಂದು ಹಳೇ ಲೆಕ್ಕ ಇದೆ. ಕೊಣ್ಣೂರಿನ ಶಾಸನದ ಬಗ್ಗೆ ಚಿಕ್ಕವನಿದ್ದಾಗ ಮೇಷ್ಟ್ರು ಹೇಳಿದ್ದು ಅರ್ಧ ಮರೆತಿತ್ತು, ಈಗ ಮತ್ತೆ ಓದಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ್ದು, ಇಸವಿ ಪ್ರಕಾರ 860. ದಂಡನಾಯಕ ಬಂಕೇಶ ಗಂಗವಾಡಿಯ ಮೇಲೆ ಮಾಡಿದ ಯುದ್ಧ, ಹಿಡಿದ ಕೋಟೆ, ದಂಗೆ ಎದ್ದಾಗ ರಾಜನ ನೆರವಿಗೆ ಓಡಿ ಬಂದದ್ದು, ಎಲ್ಲ ಬರೆದು, ಆ ಸೇವೆಗಾಗಿ ಅವನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಭೂಮಿ ಕೊಟ್ಟದ್ದನ್ನು ಹೇಳುತ್ತದೆ. ಕೊಳನೂರು ಅಂದರೆ ನಮ್ಮ ಕೊಣ್ಣೂರೇ. ಮಜಾ ಏನೆಂದರೆ, ಈಗಿರುವ ಕಲ್ಲು ಮೂಲ ಅಲ್ಲ. ತಾಮ್ರದ ಶಾಸನದಲ್ಲಿದ್ದದ್ದನ್ನು ನೋಡಿ ಎಷ್ಟೋ ಕಾಲದ ನಂತರ ಕಲ್ಲಿನ ಮೇಲೆ ಬರೆಸಿದ್ದು ಅಂತ ಅದರಲ್ಲೇ ಇದೆ. ಹೀಗೆ ನಕಲು ಆಗಿರೋದರಿಂದ ವಿದ್ವಾಂಸರು ಅದನ್ನು ಅನುಮಾನದಿಂದಲೇ ನೋಡಿದ್ದಾರೆ. ಸಾವಿರ ವರ್ಷದ ಹಿಂದೆಯೂ ‘ಒರಿಜಿನಲ್ ಎಲ್ಲಿ?’ ಅನ್ನೋ ಪ್ರಶ್ನೆ ತಪ್ಪಿರಲಿಲ್ಲ ಅನ್ಸುತ್ತೆ.

ನಮ್ಮ ಉತ್ತರ ಬಂದಾಗ ಅದೇ ಪ್ರಶ್ನೆ ಇತ್ತು. ಶೀಟ್ ರೋಲ್ ನೋಡಿದ್ದಾರೆ. 1971ರ ಡಿಸೆಂಬರಿನಲ್ಲಿ ಅಜ್ಜ ಹಳೇ ಪಲ್ಟನ್‌ನಲ್ಲಿದ್ದದ್ದು, ಆ ಪಲ್ಟನ್ ಪೂರ್ವದಲ್ಲಿದ್ದದ್ದು, ಆಮೇಲೆ ಆಸ್ಪತ್ರೆ ಸೇರಿದ್ದು, ಎಲ್ಲಕ್ಕೂ ಪಾರ್ಟ್ ಟೂ ಆರ್ಡರ್ ಇದೆ. ಎರಡೂ ಪದಕಗಳಿಗೆ ಅರ್ಹತೆ ಇದೆ. ನಮೂದಿಸಲು ಮೂಲ ಡಿಸ್ಚಾರ್ಜ್ ಬುಕ್ ಕಳಿಸಿ.

ಇನ್ನೊಂದು ಸಣ್ಣ ವಿಷಯವೂ ಇತ್ತು. ಒಂದು ಕಾಗದದಲ್ಲಿ ಅಜ್ಜನ ಹೆಸರಿನ ಕೊನೆಯ ‘ಪ್ಪ’ಕ್ಕೆ ಇಂಗ್ಲಿಷಿನಲ್ಲಿ ಎರಡು ಪಿ, ಇನ್ನೊಂದರಲ್ಲಿ ಒಂದೇ. ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಬೇಕು. ಪೆನ್ಶನ್ ಎಲ್ಲ ‘ಸ್ಪರ್ಶ್’ ಪೋರ್ಟಲ್‌ಗೆ ಹೋದಾಗಲೂ ಈ ಒಂದು ಪಿ ನಮ್ಮನ್ನು ಕಾಡಿತ್ತು. ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಇವತ್ತೇ ಪಿಪಿಒ, ಆಧಾರ್, ಡಿಸ್ಚಾರ್ಜ್ ಬುಕ್ ಮೂರನ್ನೂ ಪಕ್ಕದಲ್ಲಿಟ್ಟು ಸ್ಪೆಲ್ಲಿಂಗ್ ನೋಡಿ. ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದಿಡಿ. ಹೊಳೆ ಮುನ್ಸೂಚನೆ ಕೊಟ್ಟು ಬರಲ್ಲ.

‘ಸ್ಪೀಡ್ ಪೋಸ್ಟ್ ಮಾಡೋಣು, ಟ್ರ್ಯಾಕಿಂಗ್ ಇರ್ತೈತಿ’ ಅಂದೆ.

ಅಜ್ಜ ಪುಸ್ತಕವನ್ನು ಅಂಗಿಯ ಒಳಗೆ ಇಟ್ಟುಕೊಂಡೇ ಬಿಟ್ಟ. ‘ಇದು ಕಳದ್ರ ನಾ ಯಾರು ಅಂತ ಯಾರು ಹೇಳೂದು?’

ಎಪ್ಪತ್ತೈದು ದಾಟಿದ ಮನುಷ್ಯನನ್ನು ಸ್ಲೀಪರ್ ಕೋಚಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದ ಪುಸ್ತಕ ಅಂಗಿಯೊಳಗೆ, ಮಲಗಿದಾಗ ಕೈ ಅದರ ಮೇಲೆ. ನಾನು ಮೇಲಿನ ಬರ್ತ್‌ನಲ್ಲಿ ಲ್ಯಾಪ್‌ಟಾಪ್ ತೆರೆದು, ಹೊರಗೆ ಸಿಗ್ನಲ್ ಹೋದಾಗೆಲ್ಲ ಮ್ಯಾನೇಜರಿಗೆ ಸುಳ್ಳು ಹೇಳ್ತಾ ಬಂದೆ.

ಗೇಟಿನಲ್ಲಿ ಒಂದು ಗಂಟೆ, ಪಾಸಿಗೆ ಅರ್ಧ ಗಂಟೆ. ಆಮೇಲೆ ಒಂದು ಕೋಣೆ, ಫ್ಯಾನು, ಮೇಜಿನ ಹಿಂದೆ ನನ್ನದೇ ವಯಸ್ಸಿನ ಒಬ್ಬ ಹವಾಲ್ದಾರ್. ನಾನು ಫೈಲು ಬಿಚ್ಚಿ ಶುರು ಮಾಡೋ ಹೊತ್ತಿಗೆ ಅವನು ನನ್ನನ್ನು ನೋಡಲೇ ಇಲ್ಲ. ಎದ್ದು ನಿಂತು ಅಜ್ಜನಿಗೆ ‘ಜೈ ಹಿಂದ್, ಸಾಬ್’ ಅಂದ. ಅಜ್ಜ ನಾಯಕ್ ಆಗಿ ನಿವೃತ್ತನಾದವನು, ಹವಾಲ್ದಾರನಿಗಿಂತ ಕೆಳಗಿನ ರ‍್ಯಾಂಕು. ಅದನ್ನು ಇಬ್ಬರೂ ಬಲ್ಲರು. ಅಜ್ಜನ ಬೆನ್ನು ನೆಟ್ಟಗಾಯಿತು, ಹಿಂದಿಯಲ್ಲಿ ನಂಬರು ಹೇಳಿದ. ಆ ನಂಬರನ್ನು ಅವನು ಉಸಿರು ತಗೊಳ್ಳದೆ ಹೇಳ್ತಾನೆ, ನನ್ನ ಹುಟ್ಟಿದ ದಿನ ಮಾತ್ರ ಪ್ರತಿ ವರ್ಷ ಮರೀತಾನೆ.

ಪುಸ್ತಕದಲ್ಲಿ ಎರಡು ಸಾಲು ಸೇರಿದವು, ಕೆಂಪು ಇಂಕಿನಲ್ಲಿ. ಪಕ್ಕದಲ್ಲಿ ಅಧಿಕಾರಿಯ ಸಹಿ, ಸೀಲು. ಪದಕಗಳು ಬರೋಕೆ ಇನ್ನೂ ಸಮಯ ಬೇಕು, ಅಂಚಿನ ಮೇಲೆ ನಂಬರು, ಹೆಸರು ಕೊರೆಯಬೇಕಲ್ಲ. ಎರಡು ಪಿ ಹಾಕಿ ಅಂತ ನಾನು ಹವಾಲ್ದಾರನಿಗೆ ಮೂರು ಸಲ ಹೇಳಿದೆ, ಅವನು ನಗುತ್ತಾ ಮೂರು ಸಲ ಬರೆದುಕೊಂಡ.

ವಾಪಸ್ ಬರುವಾಗ ಟ್ರೇನಿನಲ್ಲಿ ಅಜ್ಜ ಪುಸ್ತಕ ತೆಗೆದು ಆ ಪುಟ ನೋಡ್ತಾ ಕೂತಿದ್ದ. ಚಹಾ ಬಂತು, ಕುಡಿದ. ಮತ್ತೆ ನೋಡಿದ. ಇನ್ನು ಮೀಟಿಂಗಿಗೆ ಹೋಗಿ ಆ ಮನುಷ್ಯನ ಮುಂದೆ ಹಿಡೀತಾನೆ ಅಂದುಕೊಂಡೆ. ಕೇಳಿಯೂ ಕೇಳಿದೆ.

‘ಅವಂದೇನೈತಿ ಬಿಡು’ ಅಂದ. ಆಮೇಲೆ ಸ್ವಲ್ಪ ದೂರ ಹೋದ ಮೇಲೆ: ‘ರೋಣದ ಕಡೆಯವ ಒಬ್ಬ ಇದ್ದ, ನನ್ನ ಸಂಗಾಟ ದವಾಖಾನ್ಯಾಗ ಮಗ್ಗಲ ಖಾಟಿನ್ಯಾಗ ಮಲಗಿದ್ದ. ಅವನೂ ಹಿಂಗ ಬ್ಯಾರೆ ಪಲ್ಟನ್‌ಗೆ ಹೋದ. ಹೋಗಿ ಹತ್ತು ವರ್ಷ ಆತು ಅಂವ. ಹೆಂಡ್ತಿ ಅದಾಳ ಊರಾಗ. ಆಕಿ ಸಹಿ ಮಾಡಿದ್ರ ನಡೀತೈತೇನೋ?’

‘ನಡೀತೈತಿ ಅಜ್ಜಾ. ಫ್ಯಾಮಿಲಿ ಪೆನ್ಶನ್ ತಗೋಳ್ಳಾಕತ್ತಿದ್ರ ಆಕಿನ ಅರ್ಜಿ ಹಾಕಬಹುದು.’

‘ಹಂಗಾದ್ರ ಅವನ ನಂಬರ್ ಬರ್ಕೋ’ ಅಂದ. ಐವತ್ತು ವರ್ಷದ ಹಿಂದೆ ಪಕ್ಕದ ಮಂಚದಲ್ಲಿ ಮಲಗಿದ್ದವನ ನಂಬರು, ಉಸಿರು ತಗೊಳ್ಳದೆ ಹೇಳಿದ. ನಾನು ಫೋನಿನಲ್ಲಿ ಟೈಪ್ ಮಾಡಿಕೊಂಡೆ.