ಹಳೇ ಲ್ಯಾಪ್‌ಟಾಪೂ ಅಪ್ಪಯ್ಯನ ಗ್ರೈಂಡರೂ

ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಎರಡು ಪಕ್ಷಗಳಾಗಿವೆ. ಅಪ್ಪಯ್ಯನದು ಹೊಸ ಲ್ಯಾಪ್‌ಟಾಪ್ ಪಕ್ಷ, ನನ್ನದು ಹಳೇ ಲ್ಯಾಪ್‌ಟಾಪ್ ಪಕ್ಷ. ಅಮ್ಮ ಎರಡಕ್ಕೂ ಸೇರಿದವಳಲ್ಲ, ಆದರೆ ದುಡ್ಡು ಅವಳದು. ಎರಡು ವರ್ಷ ಕಟ್ಟಿದ ಚೀಟಿ ಎತ್ತಿ, ಊರ ಮನೆಯ ಮಾಡಿನ ರಿಪೇರಿಗೆ ಕೊಟ್ಟು, ಉಳಿದದ್ದು 18,000 ರೂಪಾಯಿ. ಅದರಲ್ಲಿ ಬಿ.ಕಾಂ. ಮೊದಲ ವರ್ಷದ ತಂಗಿಗೆ ಒಂದು ಲ್ಯಾಪ್‌ಟಾಪ್ ಆಗಬೇಕು. ಇಷ್ಟು ದಿನ ಅವಳು ಎಕ್ಸೆಲ್ ಲೆಕ್ಕವನ್ನೆಲ್ಲ ಮೊಬೈಲಿನ ಮೇಲೆ ಹೆಬ್ಬೆರಳಿನಲ್ಲೇ ಮಾಡಿದ್ದಾಳೆ. ನೋಡುವವರ ಕಣ್ಣು ನೋಯಬೇಕು, ಹಾಗೆ.

“ಮತ್ತೊಬ್ರ್ ಬಿಟ್ಟದ್ದ್ ನಮ್ಗೆಂತಕ್ಕೆ? ಕಂತ್ ಕಟ್ಟಿರೂ ಅಡ್ಡಿಲ್ಲ, ಹೊಸ್ತೇ ತಕಂಬ” ಅನ್ನುತ್ತಾರೆ ಅಪ್ಪಯ್ಯ. ಅವರು ಹೀಗನ್ನುವುದಕ್ಕೆ ಕಾರಣ ಇದೆ, ಮತ್ತು ಆ ಕಾರಣ ನಾನೇ.

2024ರ ಜುಲೈ ತಿಂಗಳಲ್ಲಿ ಟ್ಯೂಷನ್ ಹೇಳಿ ಕೂಡಿಸಿದ 11,000 ರೂಪಾಯಿ ಹಿಡಿದುಕೊಂಡು, ಮುಲುಂದಿನಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಾಯಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. (ಆ ರಸ್ತೆಗೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಂದು ಸರಕಾರಿ ಹೆಸರಿದೆ. ಆ ಹೆಸರು ಹೇಳಿ ದಾರಿ ಕೇಳಿ ನೋಡಿ, ನಿಮ್ಮ ಮುಖ ನೋಡುತ್ತಾರೆ.) ಅಂಗಡಿಯವ “ಐ-ಫೈವ್, ಐ-ಫೈವ್” ಎಂದು ಮಂತ್ರದ ಹಾಗೆ ಜಪಿಸಿದ. ಪರದೆ ಥಳಥಳ ಹೊಳೆಯುತ್ತಿತ್ತು. ಚಾರ್ಜರ್ ಸಿಕ್ಕಿಸಿಯೇ ಇತ್ತು. ಐದು ನಿಮಿಷ ಒಂದು ಸಿನಿಮಾ ಹಾಡು ಹಾಕಿ ತೋರಿಸಿದ. ಬಿಲ್ ಕೇಳಿದರೆ, ಬೇಕಾದರೆ ಮೇಲಿಂದ 18 ಪರ್ಸೆಂಟ್ ಜಿಎಸ್‌ಟಿ ಕೊಡು ಅಂದ. ಬೇಡ ಅಂದೆ. ಜಾಣ ನೋಡಿ ನಾನು!

ಮನೆಗೆ ಬಂದು ಚಾರ್ಜರ್ ತೆಗೆದರೆ ಇಪ್ಪತ್ತೈದು ನಿಮಿಷಕ್ಕೆ ಯಂತ್ರ ಕಣ್ಣು ಮುಚ್ಚಿತು. ಎಂಟನೆಯ ದಿನ ಹೊತ್ತುಕೊಂಡು ಹೋದರೆ, ‘ಟೆಸ್ಟಿಂಗ್ ವಾರಂಟಿ’ ಏಳು ದಿನ ಮಾತ್ರ ಅಂದ. ಬ್ಯಾಟರಿಗೆ ಮತ್ತೆ 2,500 ಹಾಕಿದೆ. ಅದಾದ ಮೇಲೆ 14 ಅಕ್ಟೋಬರ್ 2025ರಂದು ಮೈಕ್ರೋಸಾಫ್ಟಿನವರು ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ಬಾಗಿಲು ಹಾಕಿದರು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ನನ್ನ ಐ-ಫೈವ್ ಅದರ ಪಂಕ್ತಿಯಲ್ಲಿ ಕೂರುವ ಯೋಗ್ಯತೆಯದ್ದಲ್ಲ. ಅಪ್ಪಯ್ಯ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಾದ ಮೇಲೂ ನಾನು ಹಳೇ ಪಕ್ಷದಲ್ಲೇ ಇದ್ದೇನೆ. ಇದನ್ನು ಹಟ ಅನ್ನುವವರು ಅನ್ನಲಿ. ಮೊದಲು 18,000ಕ್ಕೆ ಸಿಗುವ ಹೊಸದು ಏನೆಂದು ನೋಡೋಣ. ಆ ಬೆಲೆಗೆ ಸಾಮಾನ್ಯವಾಗಿ ಸಿಗುವುದು ಸೆಲೆರಾನ್ ಜಾತಿಯ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿಯ ಇಎಂಎಂಸಿ ಸಂಗ್ರಹ. ವಿಂಡೋಸ್ 11 ನಡೆಯಲು ಕನಿಷ್ಠ ಇಷ್ಟು ಬೇಕು ಎಂದು ಮೈಕ್ರೋಸಾಫ್ಟ್ ಹೇಳುವುದು ಸರಿಯಾಗಿ ಅಷ್ಟೇ: 4 ಜಿಬಿ, 64 ಜಿಬಿ. ಅಂದರೆ ಹುಟ್ಟುವಾಗಲೇ ಉಸಿರು ಕಟ್ಟಿಕೊಂಡು ಹುಟ್ಟಿದ ಕೂಸು. ಅಪ್‌ಡೇಟ್ ಬಂದಾಗಲೆಲ್ಲ ಜಾಗ ಸಾಲದು. ರ‍್ಯಾಮ್ ಹೆಚ್ಚಿಸೋಣ ಎಂದರೆ ಇಂಥವುಗಳಲ್ಲಿ ಹೆಚ್ಚಿನವಕ್ಕೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 35,000ದ ಹೊಸದು ಒಳ್ಳೆಯದೇ, ಆದರೆ ಉಳಿದ 17,000 ಕಂತಿನ ಸಾಲ. ಅದನ್ನು ತೀರಿಸುವವರು ಇಡೀ ದಿನ ಗಲ್ಲಾದಲ್ಲಿ ಕೂರುವ ಅಪ್ಪಯ್ಯ.

ಹಳೆಯದರ ಕತೆ ಬೇರೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಎಂಬ ಈ ಯಂತ್ರಗಳು ಕಂಪೆನಿಯವರಿಗಾಗಿ ಹುಟ್ಟಿದವು. ದೊಡ್ಡ ಆಫೀಸುಗಳು ನೂರುಗಟ್ಟಲೆ ತಗೊಂಡು, ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೇ ಬದಲಾಯಿಸುತ್ತವೆ. ಕೆಟ್ಟಿದೆ ಎಂದಲ್ಲ, ಲೀಸು ಮುಗಿಯಿತು, ವಾರಂಟಿ ಮುಗಿಯಿತು ಎಂದು. ಆ ರಾಶಿಯೇ ವ್ಯಾಪಾರಿಗಳ ಕೈ ದಾಟಿ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ, ದಿಲ್ಲಿಯ ನೆಹರೂ ಪ್ಲೇಸಿಗೆ, ಚೆನ್ನೈಯ ರಿಚಿ ಸ್ಟ್ರೀಟಿಗೆ ಬರುವುದು.

ಆದರೆ ‘ಐ-ಫೈವ್’ ಎಂಬ ಹೆಸರಿಗೆ ಮರುಳಾಗಬಾರದು. ಇದು ನನಗೆ 11,000 ರೂಪಾಯಿ ಕೊಟ್ಟು ಬಂದ ವಿದ್ಯೆ, ನಿಮಗೆ ಪುಕ್ಕಟೆ. 2010ರಲ್ಲೂ ಐ-ಫೈವ್ ಇತ್ತು, ಹತ್ತು ವರ್ಷ ಬಿಟ್ಟು ನೋಡಿದರೂ ಐ-ಫೈವ್ ಇತ್ತು. ಕುಲದ ಹೆಸರು ಒಂದೇ, ತಲೆಮಾರು ಬೇರೆ. ಆ ಹೆಸರಿನ ಮುಂದಿನ ಅಂಕಿ ನೋಡಬೇಕು. 6300ಯು ಎಂದಿದ್ದರೆ ಆರನೆಯ ತಲೆಮಾರು, 7300ಯು ಏಳನೆಯದು, 8350ಯು ಎಂಟನೆಯದು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನವನ್ನು. ಅದರಿಂದಲೇ ಆರು ಏಳರ ಬೆಲೆ ಬಿದ್ದಿದೆ, ಅದರಿಂದಲೇ ಅಂಗಡಿಯವರು ಅವನ್ನು ಮುಂದೆ ತಳ್ಳುವುದು. ‘ಇದರಲ್ಲೂ ವಿಂಡೋಸ್ 11 ಹಾಕಿದ್ದೇವೆ’ ಅನ್ನುತ್ತಾರೆ. ಹಾಕಬಹುದು, ಹಿಂಬಾಗಿಲಿನಿಂದ. ನಾಳೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ.

ಕನ್ನಡ ಟೈಪು ಮಾಡಲು, ಓದಲು, ಅರ್ಜಿ ತುಂಬಲು ಮಾತ್ರ ಬೇಕೆನ್ನುವವರು ಆರನೆಯ ತಲೆಮಾರಿನದನ್ನೇ ಕಡಿಮೆಗೆ ತಗೊಂಡು ಲಿನಕ್ಸ್ ಮಿಂಟ್ ಹಾಕಿಕೊಳ್ಳಲಿ. ದುಡ್ಡಿಲ್ಲ ಕಾಸಿಲ್ಲ, ಕಗಪ ವಿನ್ಯಾಸದ ಕನ್ನಡ ಕೀಲಿಮಣೆಯೂ ಅದರಲ್ಲಿ ಸಿಗುತ್ತದೆ. ನನ್ನದು ಈಗ ಹಾಗೇ ಬದುಕಿದೆ. ಈ ಲೇಖನ ಅದರಲ್ಲೇ ಬರೆದದ್ದು. ತಂಗಿಗೆ ಟ್ಯಾಲಿ ಬೇಕು. ಟ್ಯಾಲಿ ವಿಂಡೋಸಿನದ್ದು. ಆದ್ದರಿಂದ ಅವಳಿಗೆ ಎಂಟನೆಯದೇ ಆಗಬೇಕು.

ಇನ್ನು ಅಪ್ಪಯ್ಯನ ವಿಷಯ. ಅವರ ಹೋಟೆಲಿನ ಗ್ರೈಂಡರ್ ಇದೆಯಲ್ಲ, ಅದೂ ಸೆಕೆಂಡ್ ಹ್ಯಾಂಡೇ! ಮುಚ್ಚಿಹೋದ ಇನ್ನೊಂದು ಹೋಟೆಲಿನಿಂದ ತಂದದ್ದು, ಆರಿಸಿದವರು ಸ್ವತಃ ಅಪ್ಪಯ್ಯ. ಆಗ ನಾನು ಜೊತೆಗಿದ್ದೆ. ಮಾರುವವ ಸ್ವಿಚ್ ಹಾಕಿ ಬರಿ ಕಲ್ಲು ತಿರುಗಿಸಿ ತೋರಿಸಿದ. ಅಪ್ಪಯ್ಯ ತಲೆಯಾಡಿಸಿ, ತಾವೇ ನೆನೆಸಿ ತಂದಿದ್ದ ಅಕ್ಕಿ ಉದ್ದು ಹಾಕಿ, ಮುಕ್ಕಾಲು ಗಂಟೆ ಅಲ್ಲೇ ಕೂತು ರುಬ್ಬಿಸಿದರು. ಮೋಟರಿಗೆ ಕೈ ಇಟ್ಟು ಬಿಸಿ ನೋಡಿದರು. ಆಮೇಲೆ ಬೆಲೆಯ ಮಾತು. ನಾನು ಲ್ಯಾಮಿಂಗ್ಟನ್ ರೋಡಿನಲ್ಲಿ ಬರಿ ಕಲ್ಲು ತಿರುಗಿದ್ದು ನೋಡಿ ದುಡ್ಡು ಕೊಟ್ಟು ಬಂದವನು.

ಲ್ಯಾಪ್‌ಟಾಪಿಗೂ ಅಕ್ಕಿ ಉದ್ದು ಹಾಕಲು ಬರುತ್ತದೆ. ಮೊದಲನೆಯದಾಗಿ ಚಾರ್ಜರ್ ತೆಗೆದೇ ನೋಡಬೇಕು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಎಂದು ಹೊಡೆದು, ಜಾಗ ಬಿಟ್ಟು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಹೊಡೆದರೆ ಒಂದು ಕಡತ ಆಗುತ್ತದೆ. ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅದರಲ್ಲಿ ಇರುತ್ತದೆ. 50,000 ಇದ್ದದ್ದು 20,000ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಅಲ್ಲೇ ಮುರಿದುಕೊಳ್ಳಬೇಕು. ಎಸ್‌ಎಸ್‌ಡಿಯ ಆರೋಗ್ಯ ಹೇಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ತಂತ್ರಾಂಶ ಇದೆ, ಪೆನ್ ಡ್ರೈವಿನಲ್ಲಿ ಒಯ್ಯಬೇಕು. ಆರಿಸಿ ಮತ್ತೆ ಹಚ್ಚಿ, ಬಯೋಸಿನ ಒಳಗೆ ಹೋಗಿ ನೋಡಬೇಕು. ಹಳೇ ಕಂಪೆನಿಯ ಪಾಸ್‌ವರ್ಡ್ ಅಲ್ಲಿ ಕೂತಿದ್ದರೆ ಕೈ ಮುಗಿದು ಎದ್ದು ಬನ್ನಿ. ಒಂದೊಂದು ಕೀಲಿಯನ್ನೂ ಒತ್ತಬೇಕು, ಒಂದು ವಿಡಿಯೋ ಅರ್ಧ ಗಂಟೆ ಓಡಿಸಿ ಅಡಿಗೆ ಕೈ ಇಡಬೇಕು. ರ‍್ಯಾಮ್ 8 ಜಿಬಿ ಇರುವುದನ್ನೇ ತಗೊಳ್ಳಬೇಕು. ಆಮೇಲೆ ಹಾಕಿಸೋಣ ಎನ್ನುವ ಕಾಲ ಹೋಯಿತು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ.

ಬಿಲ್ಲು ಬೇಕೇ ಬೇಕು, ಸೀರಿಯಲ್ ನಂಬರಿನ ಸಮೇತ. ಕದ್ದ ಮಾಲೆಂದು ಗೊತ್ತಿದ್ದೂ ತಗೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಬಿಡುವುದಿಲ್ಲ. ಗೊತ್ತಿಲ್ಲದೆ ತಗೊಂಡೆ ಎಂದು ಹೇಳಲು ಕೈಯಲ್ಲಿ ಒಂದು ಕಾಗದ ಬೇಡವೇ?

ಅಪ್ಪಯ್ಯ ಎಲ್ಲ ಕೇಳಿ ಒಂದೇ ಮಾತು ಕೇಳಿದರು: “ಪರೀಕ್ಷಿ ಹೊತ್ತಿಗೆ ಕೈ ಕೊಟ್ರೆ?” ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಹೊಸದಕ್ಕೆ ಒಂದು ವರ್ಷ ಕಂಪೆನಿ ವಾರಂಟಿ, ಹಳೆಯದಕ್ಕೆ ಅಂಗಡಿಯವನ ನಾಲಿಗೆ. ಅಷ್ಟು ಮಟ್ಟಿಗೆ ಅವರ ಪಕ್ಷ ಗೆದ್ದಿದೆ. ನಾನು ಹೇಳಿದ್ದು, 18,000ವನ್ನೂ ಸುರಿಯುವುದು ಬೇಡ. 15,000ದ ಒಳಗೆ ಸಿಕ್ಕರೆ ಯಂತ್ರ, ಉಳಿದ 3,000 ಅಮ್ಮನ ಡಬ್ಬಿಯಲ್ಲೇ ರಿಪೇರಿಗೆ. ಸಿಗದಿದ್ದರೆ ಬರಿಗೈಯಲ್ಲಿ ವಾಪಸ್ಸು, ತಂಗಿ ಇನ್ನೊಂದು ತಿಂಗಳು ಹೆಬ್ಬೆರಳಿನಲ್ಲಿ.

“ಅಕ್ಕಿ ಹಾಕಿ ರುಬ್ಬುಕೆ ಬಿಡ್ತ್ರಾ ಅಂಗ್ಡಿಯವ್ರ್?” ಅಂದರು ಸ್ವಲ್ಪ ಹೊತ್ತು ಬಿಟ್ಟು.

ಬಿಡದಿದ್ದರೆ ಪಕ್ಕದ ಅಂಗಡಿ ಅಂದೆ. ಭಾನುವಾರ ಆ ರಸ್ತೆಯಲ್ಲಿ ಬಹಳ ಅಂಗಡಿ ಮುಚ್ಚಿರುತ್ತವೆ. ಬರುವ ಶನಿವಾರ ಅರ್ಧ ದಿನ ರಜೆ ಹಾಕಿ ಅವರೂ ಬರುತ್ತಾರಂತೆ, ಬಿಸಿ ಕೈಯಲ್ಲಿ ಮುಟ್ಟಿ ನೋಡಲಿಕ್ಕೆ.